ಮಳೆಯಿಲ್ಲದೆ ಹೊಳೆ ತುಂಬಿದ್ದು ಹೇಗೆ?

ಜುಲೈ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ನಾಲತವಾಡದ ಎರೆ ಹೊಲಗಳಲ್ಲಿ ತೊಗರಿ ಮುಗಿಲು ನೋಡುತ್ತ ನಿಂತಿರುತ್ತದೆ. ಅದೇ ವಾರ ಕೃಷ್ಣೆಯ ಆಲಮಟ್ಟಿ ಅಣೆಕಟ್ಟು ತುಂಬಿತು, ನಾರಾಯಣಪುರದ ಗೇಟು ತೆಗೆದರು ಎಂಬ ಸುದ್ದಿ ಬಂದಿರುತ್ತದೆ. ಇಲ್ಲಿ ಹನಿ ಇಲ್ಲ, ಹೊಳೆಗೆ ನೀರೆಲ್ಲಿಂದ ಬಂತು ಎಂದು ಮಗು ಕೇಳಿದರೆ, ‘ಮಹಾರಾಷ್ಟ್ರದಾಗ ಮಳಿ ಆಗ್ಯದ’ ಎಂದು ಮಾತು ಮುಗಿಸುವವರೇ ಹೆಚ್ಚು. ಅಲ್ಲೇ ಯಾಕೆ ಆಯಿತು, ಇಲ್ಲಿ ಯಾಕಿಲ್ಲ ಎನ್ನುವುದು ಮುಂದಿನ ಪ್ರಶ್ನೆ. ಅದಕ್ಕೆ ಮಕ್ಕಳು ಫೋನಿನಲ್ಲೇ ಉತ್ತರ ಹುಡುಕಬಹುದು.

ಕ್ಯಾಮರೂನ್ ಬೆಕಾರಿಯೊ ಎಂಬ ತಂತ್ರಜ್ಞ 2013ರಲ್ಲಿ ರೂಪಿಸಿದ ‘ಅರ್ಥ್ ನಲ್‌ಸ್ಕೂಲ್’ ಜಾಲತಾಣದಲ್ಲಿ ಭೂಗೋಳದ ಮೇಲೆ ಗಾಳಿ ಗೆರೆಗೆರೆಯಾಗಿ ಹರಿಯುತ್ತದೆ. ಕಳೆದ ವರ್ಷದ ಜುಲೈನ ಒಂದು ದಿನಾಂಕ ಹಾಕಬೇಕು. ಅರಬ್ಬಿ ಸಮುದ್ರದಿಂದ ಹೊರಟ ಗಾಳಿ ಸಹ್ಯಾದ್ರಿಯನ್ನು ದಾಟಿ ವಿಜಯಪುರದ ಮೇಲೂ ಬೀಸುತ್ತಿರುವುದು ಕಾಣುತ್ತದೆ. ಗಾಳಿಗೇನೂ ಬರವಿಲ್ಲ. ಆದರೆ ಘಟ್ಟ ಏರುವಾಗಲೇ ಅದು ತಣ್ಣಗಾಗಿ, ಕೃಷ್ಣೆ ಹುಟ್ಟುವ ಮಹಾಬಳೇಶ್ವರದ ಸುತ್ತ ತನ್ನ ನೀರಿನ ಹೊರೆಯನ್ನು ಸುರಿದಾಗಿದೆ. ಇಳಿಯುತ್ತ ಬಿಸಿಯಾಗಿ, ಒಣಗಿ ನಮ್ಮ ಕಡೆ ಬರುತ್ತದೆ. ಗಾಳಿಯ ದಿಕ್ಕು, ವೇಗ ತಿಳಿಯಲು ನಕ್ಷೆಯ ಮೇಲೆ ಬೆರಳಿಟ್ಟರೆ ಸಾಕು. ಬಳಿಕ ದಿನಾಂಕವನ್ನು ಅಕ್ಟೋಬರ್ ಕೊನೆಗೆ ಸರಿಸಿದರೆ ಗಾಳಿ ದಿಕ್ಕು ಬದಲಿಸಿ ಈಶಾನ್ಯದಿಂದ ಬೀಸುತ್ತಿರುವುದೂ ಕಾಣುತ್ತದೆ. ಘಟ್ಟದ ಮರೆಯಲ್ಲಿ ಮಳೆ ತಪ್ಪುವ ಈ ಮಳೆನೆರಳನ್ನು ಬೋರ್ಡಿನ ಮೇಲೆ ಬಾಣ ಬರೆದು ಇಷ್ಟು ಚೆನ್ನಾಗಿ ಹೇಳಲಾಗದು.

ಆದರೆ ಜಗತ್ತಿನ ನಕ್ಷೆಯಲ್ಲಿ ನಮ್ಮ ಓಣಿ ಇಲ್ಲ. ಓಣಿಗೆ ಹತ್ತಿರದ ಲೆಕ್ಕ ಇಡುವುದು ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಶುರುವಾದ ಸಂಸ್ಥೆ ಇದು. ಗ್ರಾಮ ಪಂಚಾಯಿತಿಗೊಂದು ಮಳೆಮಾಪಕ, ಹೋಬಳಿಗೊಂದು ಹವಾಮಾನ ಕೇಂದ್ರ ಎಂಬ ಲೆಕ್ಕದಲ್ಲಿ ಇದರ ಜಾಲ ಹಬ್ಬಿದೆ. ಸೌರಶಕ್ತಿಯಿಂದ ನಡೆಯುವ ಈ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಮಾಹಿತಿ ಕಳಿಸುತ್ತವೆ. ಮಳೆಯ ನಕ್ಷೆ ಜಾಲತಾಣದಲ್ಲಿ ಸಿಗುತ್ತದೆ, ಮಿಂಚಿನ ಎಚ್ಚರಿಕೆಗೆ ‘ಸಿಡಿಲು’ ಆ್ಯಪ್ ಇದೆ, ಫೋನ್ ಮಾಡಿ ಕೇಳುವವರಿಗೆ ‘ವರುಣ ಮಿತ್ರ’ ಸಹಾಯವಾಣಿ ಇದೆ. ರೈತರಿಗೆಂದು ಮಾಡಿದ್ದನ್ನು ಮಕ್ಕಳ ಪಾಠಕ್ಕೆ ಬಳಸಬಾರದೆಂದು ಯಾರೂ ಹೇಳಿಲ್ಲ.

ಬರೀ ಸ್ಕ್ರೀನ್ ನೋಡಿದರೆ ಅದೂ ಇನ್ನೊಂದು ವಿಡಿಯೊ ಆದೀತು. ಜೊತೆಗೆ ಮಾಳಿಗೆಯ ಮೇಲೊಂದು ಬಾಟಲಿ ಬೇಕು. ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಕೂರಿಸಬೇಕು. ತಳ ಉಬ್ಬುತಗ್ಗಾಗಿರುವುದರಿಂದ ಒಂದಿಷ್ಟು ಹರಳು ಹಾಕಿ, ಅವು ಮುಳುಗುವಷ್ಟು ನೀರು ಹೊಯ್ದು, ನೀರಿನ ಮಟ್ಟಕ್ಕೆ ಸೊನ್ನೆ ಗುರುತು ಮಾಡಬೇಕು. ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸಿದರೆ ಮುಗಿಯಿತು. ಹವಾಮಾನ ಇಲಾಖೆಯವರಂತೆ ಬೆಳಿಗ್ಗೆ 8.30ಕ್ಕೆ ಓದಿ ಬರೆದಿಡಬೇಕು. 2.5 ಮಿ.ಮೀ. ಮುಟ್ಟದಿದ್ದರೆ ಇಲಾಖೆ ಅದನ್ನು ಮಳೆಯ ದಿನ ಎಂದು ಎಣಿಸುವುದಿಲ್ಲ. ಅಂಗಿ ತೋಯ್ದ ಹುಡುಗರು ಇದನ್ನು ಸುಲಭಕ್ಕೆ ಒಪ್ಪಲಾರರು. 25 ಮಿ.ಮೀ. ಬಿದ್ದರೆ ಎಕರೆಗೆ ಲಕ್ಷ ಲೀಟರ್ ನೀರು ಬಂದಂತೆ ಎಂಬ ಗಣಿತವೂ ಇದರಲ್ಲೇ ಇದೆ.

ಬಾಟಲಿಯ ಅಂಕಿಯೂ ಪಂಚಾಯಿತಿ ಮಾಪಕದ ಅಂಕಿಯೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ಹಾಗೆಂದು ತಿದ್ದಬಾರದು. ಗುಡುಗಿನ ಮಳೆ ಬದುವಿನಾಚೆ ಬಿದ್ದು ಈಚೆ ಬೀಳದಿರುವುದು ಇಲ್ಲಿ ಮಾಮೂಲಿ. ದಿನಾಂಕದ ಪಕ್ಕದಲ್ಲಿ ಮಳೆ ನಕ್ಷತ್ರದ ಹೆಸರಿಗೂ ಒಂದು ಕಾಲಂ ಇರಲಿ. ಹಿರಿಯರು ಮಾತಾಡುವುದು ಮಿರಗ, ಹುಬ್ಬಿ, ಉತ್ತರಿಗಳ ಲೆಕ್ಕದಲ್ಲಿ. ಜಿಲ್ಲೆಗೆ ಹೆಚ್ಚು ಮಳೆ ಬರುವುದು ಸೆಪ್ಟೆಂಬರಿನಲ್ಲಿ. ಉತ್ತರಿಗೆ ಎಷ್ಟು ಮಿ.ಮೀ. ಬಂತೆಂದು ಬಿಳಿಜೋಳ ಬಿತ್ತುವ ಮೊದಲು ಅಜ್ಜನೂ ಆ ನೋಟ್‌ಬುಕ್ ಕೇಳಬಹುದು.