ಹೊಳೆದಂಡೆಯ ಅಪ್ಪೆಮಿಡಿ

ಯುಗಾದಿ ಹತ್ತಿರವಾದಾಗ ಶಿವಮೊಗ್ಗದ ಪೇಟೆಯಲ್ಲಿ ಮಾವಿನ ಮಿಡಿಗೆ ತಕ್ಕಡಿ ಬೇಕಾಗುವುದಿಲ್ಲ; ನೂರಕ್ಕೆ ಎಷ್ಟು ಅಂತಲೇ ವ್ಯಾಪಾರ. ಬಲ್ಲವರು ತೊಟ್ಟು ಮುರಿದು ಸೊನೆ ಮೂಸುತ್ತಾರೆ. ಜೀರಿಗೆಯ ಘಮ ಬಂದರೆ ಚೌಕಾಸಿ ಅಲ್ಲಿಗೆ ಮುಗಿಯಿತು. ಕಲ್ಲುಪ್ಪಿನ ಜೊತೆ ಪದರ ಪದರವಾಗಿ ಭರಣಿ ಸೇರಿದ ಮಿಡಿ ಕೆಲವೇ ದಿನಗಳಲ್ಲಿ ತಾನೇ ನೀರು ಬಿಟ್ಟು ಸುಕ್ಕುತ್ತದೆ. ಮರದಲ್ಲೇ ಹಣ್ಣಾಗಲು ಬಿಟ್ಟರೆ ಬರೀ ಹುಳಿ, ನಾರು. ಇಂಗ್ಲೆಂಡಿನಲ್ಲಿ ಪೆರಿ ಎಂಬ ಪೇಯಕ್ಕೆಂದೇ ಒಗರು ಪೇರು ತಳಿಗಳನ್ನು ಬೆಳೆಸುತ್ತಾರೆ. ನಮ್ಮ ಅಪ್ಪೆ ಹಾಗೆಯೇ ಉಪ್ಪಿನಕಾಯಿಗೆಂದೇ ಉಳಿದ ಮಾವು.

ಇದು ತೋಟದ ಮರವಲ್ಲ. ಶರಾವತಿ, ಕುಮುದ್ವತಿ, ವರದಾ, ಅಘನಾಶಿನಿ ದಂಡೆಗಳಲ್ಲಿ ತಾನಾಗಿ ಹುಟ್ಟಿದ್ದು. ಮರಕ್ಕೊಂದು ರುಚಿ. ಒಳ್ಳೆಯ ಮರಕ್ಕೆ ಊರಿನದೋ ಮನೆಯವರದೋ ಹೆಸರು ನಿಂತಿತು: ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಹಳದೋಟ ಅಪ್ಪೆ.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು 1964. ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. 1948ರ ಹಿರೇಭಾಸ್ಕರ ಅಣೆಕಟ್ಟೇ ಅದರ ನೀರಿನಲ್ಲಿ ಮುಳುಗಿತೆಂದ ಮೇಲೆ ದಂಡೆಯ ಮರಗಳ ಪಾಡು ಹೇಳಬೇಕೆ? ಮನೆ ಕಳೆದುಕೊಂಡವರನ್ನು ಶಿವಮೊಗ್ಗ, ಭದ್ರಾವತಿ ಕಡೆಯ ಕಾಡುಗಳಿಗೂ ತಂದು ಬಿಟ್ಟರು. 1923ರಲ್ಲಿ ಶುರುವಾದ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಕುಲುಮೆಗೆ ಇದ್ದಿಲು ಒದಗಿಸಿ ಆ ಸೀಮೆಯ ಕಾಡು ಮೊದಲೇ ಸೊರಗಿತ್ತು. ಗಂಟುಮೂಟೆಯ ಜೊತೆ ಉಪ್ಪಿನಕಾಯಿ ಭರಣಿ ತರಬಹುದು, ಮರ ತರಲಾದೀತೆ? ಗೊರಟೆ ನೆಟ್ಟರೆ ಸಾಲದು. ಮಾವಿನ ಹೂವಿಗೆ ಪರಾಗ ಯಾವುದೋ ಮರದಿಂದ ಬರುತ್ತದೆ. ಗೊರಟೆಯ ಸಸಿಯಲ್ಲಿ ತಾಯಿಮರದ ಘಮ ಇರುತ್ತದೆಂದು ನಂಬುವಂತಿಲ್ಲ. ತಾಯಿಮರದ ಕಡ್ಡಿಯಿಂದ ಕಸಿ ಕಟ್ಟಿದರಷ್ಟೇ ಅದೇ ಮಿಡಿ. ಕಡ್ಡಿ ಕೊಯ್ಯುವ ಮೊದಲೇ ಮುಳುಗಿದ ಮರದ ತಳಿ ಮುಳುಗಿದ ಹಾಗೆಯೇ.

ಆಮೇಲೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ, ಶಿರಸಿಯ ಅರಣ್ಯ ಕಾಲೇಜಿನವರು ತಳಿ ಹುಡುಕಿ ಉಳಿಸಲು ಓಡಾಡಿದರು. 2009ರಲ್ಲಿ ಅಪ್ಪೆಮಿಡಿಗೆ ಭೌಗೋಳಿಕ ಸೂಚಿಯೂ ಸಿಕ್ಕಿತು. ಹೆಸರು ಬಂತು, ಬೆಲೆ ಬಂತು, ಕತ್ತಿಯೂ ಬಂತು. ಮರ ಹತ್ತಿ, ಮಿಡಿ ಜಜ್ಜದಂತೆ ಬುಟ್ಟಿಯಲ್ಲಿ ಇಳಿಸುವ ತಾಳ್ಮೆ ಇಲ್ಲದವರು ಕೊಂಬೆಯನ್ನೇ ಕಡಿದು ಕೆಡವುತ್ತಾರೆ. ಅಣೆಕಟ್ಟಿಗಾದರೂ ನಾಡಿಗೆ ಬೆಳಕು ಕೊಡುವ ಕಾರಣವಿತ್ತು. ಈ ಕಡಿತಕ್ಕೆ ಯಾವ ಕಾರಣವೂ ಇಲ್ಲ, ಕ್ಷಮೆಯೂ ಇರಬಾರದು.

ಶಿವಮೊಗ್ಗ, ಭದ್ರಾವತಿಯಲ್ಲಿ ಹಿತ್ತಿಲು ಉಳಿಸಿಕೊಂಡವರು ಈ ಮಳೆಗಾಲದಲ್ಲಿ ಒಂದು ಅಪ್ಪೆ ಕಸಿಗಿಡ ನೆಡಿ. ಸಾಗರದ ಕಡೆಯ ನರ್ಸರಿಗಳಲ್ಲಿ ಸಿಗುತ್ತದೆ. ಯಾವ ಮರದ ಕಡ್ಡಿ ಎಂದು ಕೇಳಿಯೇ ತನ್ನಿ.