ಗುರುವಿಗೆ ಗುರುವಾದವರಿಗೆ ಮನ್ನಣೆ

'ಪ್ರಶಸ್ತಿ' ಎಂಬ ಪದವು ಹೊಗಳು ಎಂಬರ್ಥದ 'ಶಂಸ್' ಧಾತುವಿನಿಂದ ನಿಷ್ಪನ್ನವಾದುದು. ಮೊದಲಿಗೆ ಅದು ಪದಕವನ್ನಾಗಲಿ ಹಣವನ್ನಾಗಲಿ ಸೂಚಿಸುತ್ತಿರಲಿಲ್ಲ. ಶಾಸನದಲ್ಲಿ ಅರಸನ ಅಥವಾ ದಂಡನಾಯಕನ ಗುಣಗಳನ್ನು ಕೀರ್ತಿಸುವ ಭಾಗಕ್ಕೆ ಆ ಹೆಸರು. ಹಾಸನ ಸೀಮೆಯ ಹೊಯ್ಸಳ ಶಾಸನಗಳಲ್ಲಿ ಇಂಥ ಪ್ರಶಸ್ತಿಗಳು ಹೇರಳ. ವಿದ್ಯೆಗೆ ಸಂದ ಮನ್ನಣೆಯ ಕ್ರಮ ಮಾತ್ರ ಬೇರೆ. ಬಳ್ಳಿಗಾವೆಯ ಕೋಡಿಮಠದ ಕ್ರಿ.ಶ. ೧೧೬೨ರ ಶಾಸನವು ಅಲ್ಲಿ ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳೂ ದರ್ಶನಗಳೂ ಕಾವ್ಯನಾಟಕಗಳೂ ವ್ಯಾಖ್ಯಾನಗೊಳ್ಳುತ್ತಿದ್ದುದನ್ನು ಎಣಿಸಿ ಹೇಳುತ್ತದೆ. ಹಸಿದವರಿಗೆ ಅನ್ನ, ರೋಗಿಗಳಿಗೆ ಚಿಕಿತ್ಸೆ ದೊರೆಯುತ್ತಿದ್ದುದನ್ನೂ ಹೇಳುತ್ತದೆ. ಅಲ್ಲಿ ಮನ್ನಣೆ ಸಂದದ್ದು ಒಬ್ಬ ಬೋಧಕನಿಗಷ್ಟೇ ಅಲ್ಲ, ಬೋಧನೆ ತಲೆಮಾರಿನಿಂದ ತಲೆಮಾರಿಗೆ ನಡೆದುಬರುವ ವ್ಯವಸ್ಥೆಗೆ.

ನಮ್ಮ ಕಾಲದ ಕ್ರಮವಾದರೋ ವ್ಯಕ್ತಿಯನ್ನು ಆರಿಸುವಂಥದು. ಭಾರತ ಸರಕಾರವು ಶಿಕ್ಷಕರಿಗೆ ರಾಷ್ಟ್ರಪ್ರಶಸ್ತಿಯನ್ನು ೧೯೫೮ರಲ್ಲಿ ಆರಂಭಿಸಿತು. ೧೯೬೨ರಿಂದ ಶಿಕ್ಷಕರ ದಿನವೆಂದು ಆಚರಣೆಗೆ ಬಂದ ಸೆಪ್ಟೆಂಬರ್ ೫, ಹಿಂದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದ ರಾಧಾಕೃಷ್ಣನ್ ಅವರ ಜನ್ಮದಿನ. ೧೯೨೧ರಲ್ಲಿ ಅವರು ಮೈಸೂರನ್ನು ಬಿಟ್ಟು ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟನ್ನು ತಾವೇ ಎಳೆದರು. ಕಾಲೇಜು ಅಧ್ಯಾಪಕರೊಬ್ಬರಿಗೆ ಕನ್ನಡನಾಡು ಸಲ್ಲಿಸಿದ ಪ್ರಶಸ್ತಿಗಳಲ್ಲಿ ಅದಕ್ಕೆ ಸಮನಾದುದು ವಿರಳ. ಹೀಗಿದ್ದೂ ಆ ಮಹನೀಯರ ಜನ್ಮದಿನದಂದು ಕೊಡಲಾಗುವ ರಾಷ್ಟ್ರಪ್ರಶಸ್ತಿಯು ಬಹುಕಾಲ ಶಾಲಾ ಶಿಕ್ಷಕರಿಗೆ ಮೀಸಲಾಗಿತ್ತು. ಉನ್ನತ ಶಿಕ್ಷಣ ಸಂಸ್ಥೆಗಳ ಹಾಗೂ ಪಾಲಿಟೆಕ್ನಿಕ್‌ಗಳ ಅಧ್ಯಾಪಕರು ಅದರೊಳಗೆ ಬಂದದ್ದು ೨೦೨೩ರಲ್ಲಿ. ಆ ವರ್ಷ ೧೩ ಮಂದಿ, ೨೦೨೪ರಲ್ಲಿ ೧೬ ಮಂದಿ ಈ ವಿಭಾಗದಲ್ಲಿ ಆಯ್ಕೆಯಾದರು.

ಆಯ್ಕೆಗೆ ನೋಡುವ ಅಂಶಗಳು ಇವು: ಬೋಧನೆಯ ಸಫಲತೆ, ಸಮಾಜಮುಖಿ ಕಾರ್ಯ, ಸಂಶೋಧನೆ, ನಾಲ್ಕನೆಯದಾಗಿ ಪ್ರಾಯೋಜಿತ ಸಂಶೋಧನೆ, ಅಧ್ಯಾಪಕರ ಅಭಿವೃದ್ಧಿ ಕಾರ್ಯಕ್ರಮ, ಸಲಹಾಕಾರ್ಯ ಎಂಬ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿಡಲಾಗಿದೆ. ಹೆಚ್ಚಿನ ತೂಕ ಮೊದಲೆರಡಕ್ಕೆ. ಇತರ ಅಧ್ಯಾಪಕರನ್ನು ಅಣಿಗೊಳಿಸುವ ಕೆಲಸಕ್ಕೆ ಆ ಗಂಟಿನೊಳಗೊಂದು ಮೂಲೆ ಮಾತ್ರ ದೊರೆತಿದೆ.

ಈ ಕೆಲಸದ ಅಗತ್ಯವೇನೆಂಬುದನ್ನು ವಿಚಾರಿಸಬೇಕು. ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ಶಿಕ್ಷಕ ತರಬೇತಿ ಕಡ್ಡಾಯ, ಪ್ರೌಢಶಾಲೆಯವರಿಗೆ ಬಿ.ಎಡ್. ಕಡ್ಡಾಯ. ಕಾಲೇಜಿನಲ್ಲಿ ಪಾಠ ಹೇಳುವವರಿಗೆ ಸ್ನಾತಕೋತ್ತರ ಪದವಿಯೂ ಅರ್ಹತಾ ಪರೀಕ್ಷೆಯೂ ಇದ್ದರೆ ಸಾಕು. ಪಾಠ ಹೇಳುವುದು ಹೇಗೆಂಬ ಶಿಕ್ಷಣ ಬೇಕಿಲ್ಲ! ವಿಷಯ ಬಲ್ಲವನು ಬೋಧಿಸಲೂ ಬಲ್ಲನೆಂಬ ಈ ಊಹೆ ವಿದ್ವಾಂಸರಿಗೆ ಹಿತವಾದುದೇ ಹೊರತು ವಿದ್ಯಾರ್ಥಿಗಳಿಗಲ್ಲ. ೧೯೮೬ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆದು ಹೊಸಬರಿಗೆ ಅಭಿವಿನ್ಯಾಸ ಶಿಬಿರ, ಹಳಬರಿಗೆ ಪುನಶ್ಚೇತನ ಶಿಬಿರ ಎಂದು ಏರ್ಪಡಿಸಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೂ ಇಂಥದೊಂದು ನೆಲೆಗೊಂಡಿತು. ಇವುಗಳ ಹೆಸರು ಮುಂದೆ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರವೆಂದೂ, ೨೦೨೩ರಲ್ಲಿ ಮಾಳವೀಯ ಮಿಷನ್ ಶಿಕ್ಷಕ ತರಬೇತಿ ಕೇಂದ್ರವೆಂದೂ ಬದಲಾಯಿತು. ಶಿಬಿರದ ಪ್ರಮಾಣಪತ್ರಕ್ಕೂ ಬಡ್ತಿಗೂ ಗಂಟುಹಾಕಿದ್ದರಿಂದ ಪತ್ರಕ್ಕಾಗಿಯೇ ಹೋಗಿಬಂದವರೂ ಉಂಟು. ಅದನ್ನು ಮರೆಮಾಚಿ ಪ್ರಯೋಜನವಿಲ್ಲ.

ಪರದೇಶಗಳಲ್ಲಿ ಈ ಕೆಲಸವನ್ನು ಪ್ರತ್ಯೇಕ ವೃತ್ತಿಯೆಂದೇ ಎಣಿಸುವುದುಂಟು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯ ೧೯೬೨ರಲ್ಲಿಯೇ ಇದಕ್ಕೊಂದು ಕೇಂದ್ರ ತೆರೆಯಿತು. ಅಧ್ಯಾಪಕರನ್ನು ತರಬೇತುಗೊಳಿಸುವವರು ಅಲ್ಲಿ ೧೯೭೬ರಲ್ಲಿ ಸಂಘವೊಂದನ್ನು ಕಟ್ಟಿಕೊಂಡು ತಮ್ಮವರಿಗೇ ಪ್ರಶಸ್ತಿಗಳನ್ನು ಕೊಡುತ್ತ ಬಂದಿದ್ದಾರೆ. ಕೆನಡಾದಲ್ಲಿ ೧೯೮೬ರಲ್ಲಿ ಮೊದಲಾದ ಅಧ್ಯಾಪಕ ಗೌರವವು ತರಗತಿಯ ಪಾಠದೊಡನೆ ಶೈಕ್ಷಣಿಕ ನಾಯಕತ್ವವನ್ನೂ, ಎಂದರೆ ಸಹೋದ್ಯೋಗಿಗಳ ಬೋಧನೆಯನ್ನು ಎತ್ತರಿಸಿದ್ದನ್ನೂ ಪರಿಗಣಿಸುತ್ತದೆ.

ಸಕಲೇಶಪುರ, ಆಲೂರಿನಂಥ ಗುಡ್ಡಗಾಡಿನ ತಾಲ್ಲೂಕುಗಳಲ್ಲಿ ಇದರ ಬೆಲೆ ಚೆನ್ನಾಗಿ ತಿಳಿಯುತ್ತದೆ. ಸಕಲೇಶಪುರದಿಂದ ಮೈಸೂರಿಗೆ ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ. ಶಿಬಿರ ಮುಗಿಸಿ ಬಂದವರಿಗೆ ಅನಂತರ ಎದುರಾಗುವುದು ಮಲೆನಾಡಿನ ತರಗತಿ. ಬಿರುಮಳೆಯ ದಿನಗಳಲ್ಲಿ ದೂರದ ಹಳ್ಳಿಗಳ ಮಕ್ಕಳು ಬರುವುದೇ ಕಷ್ಟ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕೂಲಿಯವರ ಮನೆಯ ಹುಡುಗರಿಗೆ ತೋಟದ ಕರೆ. ತೋಟದ ಲೈನುಮನೆಗಳಿಂದ ಬರುವವರಲ್ಲಿ ಮನೆಯೊಳಗೆ ತಮಿಳನ್ನೋ ತುಳುವನ್ನೋ ಆಡುವವರಿದ್ದಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಒಮ್ಮೆಗೇ ಇಂಗ್ಲಿಷಿನ ವಿಜ್ಞಾನಪಾಠಕ್ಕೆ ಕುಳಿತವರಿದ್ದಾರೆ. ಯಾವ ಪಾಠವನ್ನು ಮಳೆಗೆ ಮುನ್ನ ಮುಗಿಸಬೇಕು, ಯಾವುದನ್ನು ಕೊಯ್ಲಿನ ಬಳಿಕ ಮತ್ತೆ ಹೇಳಬೇಕು, ಯಾವ ಪಾರಿಭಾಷಿಕ ಪದವನ್ನು ಕನ್ನಡದಲ್ಲಿ ಬಿಡಿಸಿ ಅನಂತರ ಇಂಗ್ಲಿಷಿಗೆ ಒಯ್ಯಬೇಕು ಎಂಬುದನ್ನು ಹೊಸಬರಿಗೆ ಕಲಿಸತಕ್ಕವರು ಅಲ್ಲಿಯ ಹಿರಿಯ ಅಧ್ಯಾಪಕರೇ. ಕಿರಿಯನ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿ, ಸಂಜೆ ಏಕಾಂತದಲ್ಲಿ ತಪ್ಪನ್ನು ತಿದ್ದುವ ಹಿರಿಯರ ಕೆಲಸಕ್ಕೆ ಪ್ರಮಾಣಪತ್ರವಿಲ್ಲ. ಅರ್ಜಿಯಲ್ಲಿ ಬರೆಯಲು ಅಂಕಣವೂ ಇಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಗಹನವಾದುದು. ರಾಷ್ಟ್ರಪ್ರಶಸ್ತಿಗೆ ನಿಯತ ಅಧ್ಯಾಪಕರೇ ಆಗಿರಬೇಕು, ಐದು ವರ್ಷದ ಪೂರ್ಣಾವಧಿ ಬೋಧನೆ ಆಗಿರಬೇಕು, ವಯಸ್ಸು ೫೫ ಮೀರಿರಬಾರದು ಎಂಬ ನಿಯಮಗಳಿವೆ. ಕರ್ನಾಟಕದ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ದುಡಿಯುವ ಅತಿಥಿ ಉಪನ್ಯಾಸಕರ ಸಂಖ್ಯೆ ಹತ್ತು ಸಾವಿರಕ್ಕೂ ಮಿಕ್ಕಿದ್ದು. ವರ್ಷವರ್ಷವೂ ಹೊಸದಾಗಿ ನೇಮಕಗೊಳ್ಳುವ ಇವರಿಗೆ, ಎಷ್ಟು ಚೆನ್ನಾಗಿ ಬೋಧಿಸಿದರೂ, ಆ ಬಾಗಿಲು ಮುಚ್ಚಿದೆ. ಮಾರ್ಗದರ್ಶನ ಎಲ್ಲರಿಗಿಂತ ಹೆಚ್ಚಾಗಿ ಬೇಕಾದವರೂ ಇವರೇ.

ದೆಹಲಿಯ ನಿಯಮಗಳನ್ನು ತಿದ್ದುವುದು ತಾಲ್ಲೂಕಿನ ಕಾಲೇಜಿಗೆ ಅಳವಲ್ಲ. ಆದರೆ ಪ್ರತಿ ಕಾಲೇಜೂ ಸೆಪ್ಟೆಂಬರ್ ೫ರಂದು ತನ್ನದೇ ಒಂದು ಮನ್ನಣೆಯನ್ನು ಇರಿಸಬಹುದು. ಅದಕ್ಕೆ ಹೆಸರನ್ನು ಸೂಚಿಸತಕ್ಕವರು ಪ್ರಾಂಶುಪಾಲರಲ್ಲ, ಆಡಳಿತ ಮಂಡಲಿಯೂ ಅಲ್ಲ. ಕೆಲಸಕ್ಕೆ ಸೇರಿ ಎರಡು ಮೂರು ವರ್ಷವಾದ ಕಿರಿಯರು. ಯಾರಿಂದ ಯಾವ ಪಾಠವನ್ನು ಹೇಳುವ ಬಗೆಯನ್ನು ಕಲಿತೆವೆಂದು ಅವರು ಒಂದು ಪುಟ ಬರೆದುಕೊಡಲಿ. ಕಾಲೇಜು ಅದನ್ನು ಕಡತದಲ್ಲಿರಿಸಲಿ. ನಿಯತ ಅಧ್ಯಾಪಕರು ಮುಂದೊಮ್ಮೆ ರಾಷ್ಟ್ರಪ್ರಶಸ್ತಿಗೆ ಅರ್ಜಿ ಹಾಕುವಾಗ ಆ ಪುಟವೇ ಸಾಕ್ಷ್ಯವಾದೀತು. ಅತಿಥಿ ಉಪನ್ಯಾಸಕರ ಹೆಸರು ಬಂದರೆ ಅವರಿಗೂ ಅದೇ ಶಾಲು, ಅದೇ ಹಾರ ಸಲ್ಲಲಿ. ಅದನ್ನು ತಡೆಯುವ ನಿಯಮ ಯಾವುದೂ ಇಲ್ಲ.