ತೊಟ್ಟು ಬಿಟ್ಟು ಕೊಯ್ಯಿರಿ, ಮಾವು ನಾಲ್ಕು ದಿನ ಹೆಚ್ಚು ಕಾಯುತ್ತದೆ

ಚಂದಕವಾಡಿ ಕಡೆ ಅರಿಶಿನ, ಬಾಳೆಯ ಜತೆಗೆ ಬದುವಿನಲ್ಲಿ ಹತ್ತಾರು ಮಾವಿನ ಮರ ಇಟ್ಟುಕೊಂಡವರೇ ಹೆಚ್ಚು. ಫಸಲು ಸಣ್ಣದು. ವ್ಯಾಪಾರಿ "ಇವತ್ತು ಕೊಡದಿದ್ರೆ ನಾಳಿದ್ದು ಕೊಳೀತದೆ ಅಣ್ಣ" ಅಂದರೆ ನಮ್ಮ ಬಾಯಿ ಕಟ್ಟಿತು. ಹೇಳಿದ ರೇಟಿಗೆ ಕೊಟ್ಟು ಕೈ ತೊಳೆಯುವುದೇ.

ಅವನು ಹೇಳುವುದು ಸುಳ್ಳಲ್ಲ. ಕೊಂಬೆ ಅಲುಗಿಸಿ ಉದುರಿಸಿ, ಚೀಲಕ್ಕೆ ತುಂಬಿ, ರಾಶಿ ಹಾಕಿದ ನನ್ನ ಬಾದಾಮಿ ಒಂದು ವರ್ಷ ಹಣ್ಣಾಗುವ ಮೊದಲೇ ತೊಟ್ಟಿನ ಬುಡದಲ್ಲಿ ಕಪ್ಪಾಯ್ತು. ತಪ್ಪು ಕೊಯ್ಲಿನದು.

ಕಾಯಿಯ ಹೆಗಲು ಉಬ್ಬಿ ತೊಟ್ಟಿನ ಸುತ್ತ ಗುಳಿ ಬಿದ್ದಿದ್ದರೆ ಬಲಿತಿದೆ ಅನ್ನಿ. ಅನುಮಾನವಿದ್ದರೆ ನೀರಿಗೆ ಹಾಕಿ: ಬಲಿತದ್ದು ಮುಳುಗುತ್ತದೆ, ಎಳೆಯದು ತೇಲುತ್ತದೆ. ಬಲೆ ಕಟ್ಟಿದ ದೋಟಿಯಿಂದ, ಗೇಣರ್ಧ ತೊಟ್ಟು ಸಮೇತ ಕೊಯ್ಯಿರಿ. ಆಮೇಲೆ ನೆರಳಲ್ಲಿ ತೊಟ್ಟನ್ನು ಗಿಡ್ಡ ಮಾಡಿ, ಕಾಯಿ ಬೋರಲು ಹಾಕಿ ಸೊನೆ ಇಳಿಸಿ. ಸೊನೆ ಸಿಪ್ಪೆಗೆ ತಾಗಿದರೆ ಸುಟ್ಟ ಕಲೆಯಾಗುತ್ತದೆ.

ಚಿಬ್ಬು ರೋಗದ ಶಿಲೀಂಧ್ರ ಮರದಲ್ಲೇ ಕಾಯಿಗೆ ಸೇರಿ ಸುಮ್ಮನಿದ್ದು, ಹಣ್ಣಾಗುವಾಗ ಏಳುತ್ತದೆ. ಅದಕ್ಕೆ ಮದ್ದು ಬಿಸಿನೀರು. ಕೊಯ್ದ ದಿನವೇ 52 ಡಿಗ್ರಿ ಸೆಲ್ಸಿಯಸ್ ನೀರಲ್ಲಿ 10 ನಿಮಿಷ ಮುಳುಗಿಸಿ, ತಣ್ಣೀರಿಗೆ ಹಾಕಿ, ನೆರಳಲ್ಲಿ ಒರೆಸಿಡಿ. ಕೈ ಅದ್ದಿ ಅಂದಾಜು ಮಾಡಬೇಡಿ. ಥರ್ಮಾಮೀಟರ್ ಬೇಕೇ ಬೇಕು. ಹೆಚ್ಚಾದರೆ ಸಿಪ್ಪೆ ಬೇಯುತ್ತದೆ, ಕಮ್ಮಿಯಾದರೆ ರೋಗ ಉಳಿಯುತ್ತದೆ. ಕಾಯಿ ಹಾಕಿದಾಗ ನೀರು ತಣಿಯುತ್ತದೆ, ಬಿಸಿನೀರು ಸೇರಿಸುತ್ತಿರಿ.

ಇಡುವಾಗ ಒಂದೆರಡು ಪದರವಷ್ಟೇ, ಗಾಳಿಯಾಡುವ ಜಾಗದಲ್ಲಿ. ಪಕ್ಕದಲ್ಲಿ ಬಾಳೆಗೊನೆ ಅಡೆ ಹಾಕಬೇಡಿ! ಹಣ್ಣಾಗುವ ಬಾಳೆ ಬಿಡುವ ಎಥಿಲೀನ್ ಅನಿಲ ಮಾವನ್ನೂ ಅವಸರಕ್ಕೆ ಹಣ್ಣು ಮಾಡುತ್ತದೆ. ಮಾಗಿದ ಮಾವನ್ನೂ ದಿನಾ ಆರಿಸಿ ತೆಗೆಯಿರಿ. ಕಾಯಿಯನ್ನು ಫ್ರಿಜ್ಜಿಗೆ ಹಾಕಬೇಡಿ. ಸುಮಾರು 13 ಡಿಗ್ರಿಗಿಂತ ಕೆಳಗೆ ಚಳಿ ಹಿಡಿದು ಸಿಪ್ಪೆ ಕಪ್ಪಾಗಿ, ರುಚಿ ಕೂಡದು. ಹಣ್ಣಾದ ಮೇಲೆ ಇಡಬಹುದು.

ಕಾರ್ಬೈಡ್ ಪೊಟ್ಟಣ ಮಾತ್ರ ಬೇಡ. ಅದಕ್ಕೆ ಕಾನೂನಿನ ನಿಷೇಧವಿದೆ. ಬಣ್ಣ ಬರುತ್ತದೆ, ಒಳಗೆ ಹುಳಿಯೇ ಉಳಿಯುತ್ತದೆ.

ಇಷ್ಟಕ್ಕೆ ಬೇಕಾದ್ದು ದೋಟಿ, ಕತ್ತರಿ, ಹಂಡೆ, ಥರ್ಮಾಮೀಟರ್. ಸಿಗುವುದು ಕೆಲವೇ ದಿನ. ಆದರೆ ಆ ದಿನಗಳಲ್ಲಿ ಇನ್ನೊಬ್ಬ ವ್ಯಾಪಾರಿಯನ್ನು ಕೇಳಬಹುದು, ಚಾಮರಾಜನಗರಕ್ಕೆ ನಾವೇ ಒಯ್ದು ಮಾರಬಹುದು. "ನಾಳೆ ಬನ್ನಿ" ಅನ್ನುವ ಧೈರ್ಯ ರೈತನಿಗೂ ಬರುತ್ತದೆ.